ಗತಾನುಗತಿಕನ್ಯಾಯ: ಮುಂಬಯಿಯ ಷೇರು ವ್ಯಾಪಾರದ ಒಂದು ಪ್ರಕರಣ

೧

ಶಾಸ್ತ್ರಗ್ರಂಥಗಳಲ್ಲಿ ಅಲ್ಲಲ್ಲಿ ಉದಾಹೃತವಾಗುವ ಲೌಕಿಕನ್ಯಾಯಗಳಲ್ಲಿ, ಜನರು ಒಬ್ಬರನ್ನೊಬ್ಬರು ಅನುಸರಿಸಿ ನಡೆಯುವ ಸ್ವಭಾವವನ್ನು ಹೇಳತಕ್ಕವು ಮುಖ್ಯವಾಗಿ ಮೂರಿವೆ: ಗತಾನುಗತಿಕನ್ಯಾಯ, ಅಂಧಪರಂಪರಾನ್ಯಾಯ, ಗಡ್ಡರಿಕಾಪ್ರವಾಹನ್ಯಾಯ. ಪಾಠಶಾಲೆಗಳಲ್ಲಿ ಈ ಮೂರನ್ನೂ ಒಂದೇ ಅರ್ಥದಲ್ಲಿ ಬಳಸುವುದು ವಾಡಿಕೆಯಾಗಿದೆ. ಜನರು ಕುರಿಗಳಂತೆ ಎಂದು ಹೇಳಿದಲ್ಲಿಗೆ ಅರ್ಥವು ಮುಗಿಯಿತೆಂದು ಹೇಳುವವರೂ ಕೇಳುವವರೂ ತೃಪ್ತರಾಗುವರು. ಆದರೆ ಶಾಸ್ತ್ರಕಾರರು ಒಂದೇ ಅರ್ಥಕ್ಕೆ ಮೂರು ದೃಷ್ಟಾಂತಗಳನ್ನು ವ್ಯರ್ಥವಾಗಿ ಕೂಡಿಟ್ಟಿರಲಾರರು. ಈ ಮೂರು ನ್ಯಾಯಗಳು ಮೂರು ಬೇರೆ ಬೇರೆ ಕಾರಣಗಳನ್ನು ಸೂಚಿಸುತ್ತವೆಯೆಂದೂ, ಆ ಭೇದವನ್ನು ತಿಳಿಯದಿದ್ದರೆ ಧನವಿಷಯದಲ್ಲಿ ಜನಸಮೂಹವು ಕೆಡುವ ಬಗೆಯನ್ನೂ ಆ ಕೇಡಿಗೆ ಹೊಣೆ ಯಾರೆಂಬುದನ್ನೂ ಸರಿಯಾಗಿ ನಿರ್ಣಯಿಸಲಾಗದೆಂದೂ ಪ್ರತಿಪಾದಿಸುವುದು ಈ ಲೇಖನದ ಉದ್ದೇಶ.

ಮೊದಲು ನ್ಯಾಯಗಳ ಸ್ವರೂಪವನ್ನು ನೋಡುವ. ಗಂಗಾಸ್ನಾನಕ್ಕೆ ಹೋದ ಬ್ರಾಹ್ಮಣನೊಬ್ಬನು ತನ್ನ ತಾಮ್ರದ ಪಾತ್ರೆಯನ್ನು ದಡದ ಮರಳಿನಲ್ಲಿ ಹೂತು, ಗುರುತಿಗಾಗಿ ಅದರ ಮೇಲೆ ಮರಳಿನ ಗುಡ್ಡೆಯೊಂದನ್ನು ಮಾಡಿ ನೀರಿಗೆ ಇಳಿದನು. ಅದನ್ನು ಕಂಡ ಯಾತ್ರಿಕರು, ಸ್ನಾನಕ್ಕೆ ಮೊದಲು ಇಂಥ ಗುಡ್ಡೆ ಮಾಡುವುದು ಇಲ್ಲಿಯ ವಿಧಿಯೆಂದು ಭಾವಿಸಿ ತಾವೂ ಒಂದೊಂದನ್ನು ಮಾಡಿದರು. ಬ್ರಾಹ್ಮಣನು ಮೇಲಕ್ಕೆ ಬಂದು ನೋಡುವಷ್ಟರಲ್ಲಿ ದಡವೆಲ್ಲವೂ ಗುಡ್ಡೆಗಳಾಗಿ, ಅವನ ಪಾತ್ರೆ ಅವನಿಗೇ ಸಿಕ್ಕದೆ ಹೋಯಿತು. ಇದು ಗತಾನುಗತಿಕನ್ಯಾಯ. ಕುರುಡನ ಕೈಯನ್ನು ಕುರುಡನು ಹಿಡಿದು ಸಾಲಾಗಿ ನಡೆಯುವುದು ಅಂಧಪರಂಪರಾನ್ಯಾಯ. ಮಂದೆಯ ಮುಂದಿನ ಕುರಿ ಹಳ್ಳಕ್ಕೆ ಬಿದ್ದರೆ ಹಿಂದಿನವೂ ಬೀಳುವುದು ಗಡ್ಡರಿಕಾಪ್ರವಾಹನ್ಯಾಯ.

ಸೂಕ್ಷ್ಮವಾಗಿ ನೋಡಿದರೆ ಇವುಗಳ ಭೇದವು ಗೋಚರವಾಗುವುದು. ಗಂಗೆಯ ದಡದ ಯಾತ್ರಿಕನು ಕುರುಡನಲ್ಲ. ಅವನು ಕಣ್ಣಾರೆ ಒಂದು ಕ್ರಿಯೆಯನ್ನು ಕಂಡು, ಅದರಿಂದ ಒಂದು ಅರ್ಥವನ್ನು ಊಹಿಸುತ್ತಾನೆ. ಅವನ ದೋಷವು ಅನುಮಾನದ ದೋಷ. ಕುರುಡನು ಏನನ್ನೂ ಊಹಿಸುವುದಿಲ್ಲ. ಮುಂದಿನವನಿಗೆ ಕಣ್ಣಿದೆಯೆಂದು ನಂಬುತ್ತಾನೆ. ಅವನ ದೋಷವು ಆಪ್ತನನ್ನು ಆರಿಸುವುದರ ದೋಷ. ಕುರಿಯಾದರೋ ಹಳ್ಳವನ್ನು ಕಂಡರೂ ನಿಲ್ಲಲಾರದು. ಹಿಂದಿನ ಮಂದೆ ಅದನ್ನು ನೂಕುತ್ತದೆ. ಅಲ್ಲಿರುವುದು ಜ್ಞಾನದೋಷವಲ್ಲ, ಸ್ಥಾನದ ಪಾರವಶ್ಯ. ಈ ಮೂರೂ ಏಕಕಾಲದಲ್ಲಿ ಕಾಣಿಸಿಕೊಂಡ ಪ್ರಕರಣವೊಂದು ನಮ್ಮ ದೇಶದ ಆಧುನಿಕ ಚರಿತ್ರೆಯಲ್ಲಿಯೇ ಇದೆ. ಅದು ೧೮೬೩ರಿಂದ ೧೮೬೫ರ ವರೆಗೆ ಮುಂಬಯಿಯನ್ನು ಆವರಿಸಿದ ಷೇರುಗಳ ಉನ್ಮಾದ. ಧಾರವಾಡದ ಹತ್ತಿಯ ಹೊಲಗಳೂ ಉತ್ತರ ಕನ್ನಡದ ಬಂದರುಗಳೂ ಅದರ ಹಿನ್ನೆಲೆಯಲ್ಲಿ ಇರುವುದರಿಂದ ಕನ್ನಡಿಗರಿಗೆ ಅದು ಕೇವಲ ಪರಸ್ಥಳದ ಕಥೆಯಲ್ಲ.

೨

೧೮೬೧ರ ಏಪ್ರಿಲಿನಲ್ಲಿ ಅಮೆರಿಕದ ಉತ್ತರ ದಕ್ಷಿಣ ಸಂಸ್ಥಾನಗಳಿಗೆ ಯುದ್ಧವು ಮೊದಲಾಯಿತು. ಅದಕ್ಕೆ ಮುಂಚೆ ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಮಿಕ್ಕು ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದಲೇ ಬರುತ್ತಿದ್ದಿತು. ಉತ್ತರದವರು ದಕ್ಷಿಣದ ಬಂದರುಗಳನ್ನು ಮುತ್ತಿದೊಡನೆ ಆ ಹತ್ತಿ ನಿಂತುಹೋಗಿ, ಗಿರಣಿಗಳವರ ದೃಷ್ಟಿ ಹಿಂದೂಸ್ಥಾನದ ಕಡೆಗೆ ತಿರುಗಿತು.

ಧಾರವಾಡ ಸೀಮೆಗೆ ಅಮೆರಿಕದ ಹತ್ತಿಯು ಅಷ್ಟರೊಳಗೆ ಹೊಸದಾಗಿರಲಿಲ್ಲ. ೧೮೪೦ರ ದಶಕದ ಆರಂಭದಲ್ಲಿ ಅಮೆರಿಕದಿಂದ ಕರೆಯಿಸಿದ ತೋಟಗಾರರು ಹುಬ್ಬಳ್ಳಿಯ ಸಮೀಪದ ಕುಸುಗಲ್ಲಿನಲ್ಲಿಯೂ ಗದಗಿನ ಕಡೆಯಲ್ಲಿಯೂ ನ್ಯೂ ಆರ್ಲಿಯನ್ಸ್ ಬೀಜವನ್ನು ಬಿತ್ತಿ ಪರೀಕ್ಷೆ ಮಾಡಿದ್ದರು. ಆಗಿನ ಕಲೆಕ್ಟರರಾದ ಷಾ ಎಂಬವರು ಈ ಪ್ರಯತ್ನಕ್ಕೆ ಬೆಂಬಲವಾಗಿದ್ದರು. ಆದರೆ ರೈತರು ಒಮ್ಮೆಗೇ ಅದರ ಬೆನ್ನು ಹತ್ತಲಿಲ್ಲ. ಊರಿನ ಕಾಲುಗಾಣದಿಂದ ಈ ಹತ್ತಿಯ ಬೀಜವು ಸರಿಯಾಗಿ ಬಿಡುತ್ತಿರಲಿಲ್ಲ. ಗರಗಸದ ಹಲ್ಲಿನ ಯಂತ್ರ ಬೇಕಾಗುತ್ತಿದ್ದಿತು. ಒಬ್ಬನು ಹೊಲದ ಒಂದು ಮೂಲೆಯಲ್ಲಿ ಬಿತ್ತಿ ನೋಡಿದನು. ನೆರೆಯವನು ಆ ಬೆಳೆಯನ್ನು ಕಂಡು, ಅದರ ಬೆಲೆಯನ್ನು ಕೇಳಿ, ಮರುವರ್ಷ ತನ್ನ ಮಣ್ಣಿನಲ್ಲಿ ತಾನೂ ಸ್ವಲ್ಪ ಬಿತ್ತಿ ನೋಡಿದನು. ಹೀಗೆ ಇಪ್ಪತ್ತು ವರ್ಷ ಸಾಗಿ, ೧೮೬೦ರ ಸುಮಾರಿಗೆ ಆ ಬೆಳೆಯು ಲಕ್ಷ ಎಕರೆಯನ್ನು ಮೀರಿದ್ದಿತು. ಇದೂ ಒಬ್ಬರನ್ನು ನೋಡಿ ಒಬ್ಬರು ನಡೆದುದೇ ಆಗಿದೆ; ಆದರೂ ಇದನ್ನು ಯಾರೂ ಉನ್ಮಾದವೆಂದು ಕರೆಯಲಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದಲೇ ವಿಷಯವು ನಿರ್ಣಯವಾಗತಕ್ಕದ್ದು.

ಯುದ್ಧದ ಕಾಲದಲ್ಲಿ ಈ ಸೀಮೆಯ ಮೇಲೆ ಬಿದ್ದ ಒತ್ತಡವು ಅಸಾಧಾರಣವಾದುದು. ರೈಲು ಇನ್ನೂ ಬಂದಿರಲಿಲ್ಲವಾದುದರಿಂದ ಹತ್ತಿಯು ಬಂಡಿಗಳ ಮೇಲೂ ಹೇರೆತ್ತುಗಳ ಮೇಲೂ ಘಟ್ಟವಿಳಿದು ಕುಮಟೆಯ ಬಂದರಿಗೆ ಹೋಗುತ್ತಿದ್ದಿತು. ಧಾರವಾಡದ ನಾಟಿ ಹತ್ತಿಗೆ ಪರದೇಶದ ಪೇಟೆಗಳಲ್ಲಿ ಕುಮಟಾ ಎಂಬ ಹೆಸರೇ ನಿಂತುದು ಇದರಿಂದ. ಮ್ಯಾಂಚೆಸ್ಟರಿನ ಹತ್ತಿಯ ಕಂಪೆನಿಯೊಂದು ಕಾರವಾರದ ಬಳಿಯ ಸದಾಶಿವಗಡಕ್ಕೆ ತನ್ನವರನ್ನು ಕಳುಹಿಸಿತು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದರಾಸು ಆಧಿಪತ್ಯದಿಂದ ತೆಗೆದು ಮುಂಬಯಿ ಆಧಿಪತ್ಯಕ್ಕೆ ಸೇರಿಸಿದುದಕ್ಕೆ ಕಾರವಾರದ ಬಂದರೂ ಹತ್ತಿಯ ವ್ಯಾಪಾರವೂ ಮುಖ್ಯ ಕಾರಣಗಳು. ಬೆಲೆಯ ಆಸೆಯಿಂದ ಹತ್ತಿಯಲ್ಲಿ ಕಲಬೆರಕೆ ಮಾಡುವುದು ಎಷ್ಟು ಹೆಚ್ಚಿತೆಂದರೆ, ಅದನ್ನು ತಡೆಯಲು ಮುಂಬಯಿ ಸರಕಾರವು ೧೮೬೩ರಲ್ಲಿ ಪ್ರತ್ಯೇಕವಾದ ಕಾಯಿದೆಯನ್ನೇ ಮಾಡಬೇಕಾಯಿತು. ಹತ್ತಿಯ ಸೀಮೆಗಳಲ್ಲಿ ಕೆಲವರು ಬಂಡಿಯ ಗಾಲಿಗಳಿಗೆ ಬೆಳ್ಳಿಯ ಪಟ್ಟಿ ಹಾಕಿಸಿದರೆಂಬ ಜನವಾರ್ತೆಯೂ ಆ ಕಾಲದ್ದೇ.

ಹೀಗೆ ನಾನಾ ಸೀಮೆಗಳಿಂದ ಬಂದ ಹತ್ತಿಯು ಮುಂಬಯಿಯನ್ನು ಸೇರಿ ಅಲ್ಲಿಂದ ಹಡಗು ಹತ್ತಿತು. ಯುದ್ಧದ ವರ್ಷಗಳಲ್ಲಿ ಸಾಮಾನ್ಯವಾಗಿ ಬರಬೇಕಾದುದಕ್ಕಿಂತ ಅಧಿಕವಾಗಿ ಏಳೆಂಟು ಕೋಟಿ ಪೌಂಡುಗಳಷ್ಟು ಹಣವು ಆ ಪಟ್ಟಣಕ್ಕೆ ಬಂದಿತೆಂದು ಎಣಿಸಿದ್ದಾರೆ. ಈ ಹಣಕ್ಕೆ ನೆಲೆ ಬೇಕಾಯಿತು. ಮುಂದಿನ ಕಥೆಯು ಆ ನೆಲೆಯ ಅನ್ವೇಷಣೆಯ ಕಥೆ.

೩

ಮುಂಬಯಿಯಲ್ಲಿ ಷೇರುಗಳ ದಲ್ಲಾಳಿಗಳು ೧೮೫೦ರ ದಶಕದಲ್ಲಿ ಬೆರಳೆಣಿಕೆಯಷ್ಟಿದ್ದರು. ೧೮೬೦ರಲ್ಲಿ ಅರುವತ್ತು ಮಂದಿಯಾದರು. ಯುದ್ಧದ ನಡುವೆ ಇನ್ನೂರನ್ನು ಮೀರಿದರು. ಅವರಿಗೆ ಮನೆಯಿರಲಿಲ್ಲ, ಬಯಲಿನಲ್ಲಿ ಮರದ ನೆರಳಿನಲ್ಲಿ ಕೂಡಿ ವ್ಯಾಪಾರ ಮಾಡುತ್ತಿದ್ದರು. ೧೮೬೫ರ ಜನವರಿಯ ಹೊತ್ತಿಗೆ ಆ ಪಟ್ಟಣದಲ್ಲಿ ೩೧ ಬ್ಯಾಂಕುಗಳೂ, ೧೬ ಹಣಕಾಸಿನ ಸಂಘಗಳೂ, ೮ ಭೂಮಿಯ ಕಂಪೆನಿಗಳೂ, ಇನ್ನೂ ವಿಮೆ, ಹಡಗು, ಹತ್ತಿ ಅದುಮುವ ಯಂತ್ರ ಮುಂತಾದವುಗಳ ಕಂಪೆನಿಗಳೂ ಇದ್ದುವೆಂದು ಪಟ್ಟಣದ ಚರಿತ್ರೆಯನ್ನು ಬರೆದವರು ಲೆಕ್ಕ ಕೊಡುತ್ತಾರೆ. ಹತ್ತು ವರ್ಷಗಳ ಹಿಂದೆ ಇವುಗಳಲ್ಲಿ ಬಹುಪಾಲು ಇರಲೇ ಇಲ್ಲ.

ಇವುಗಳೊಳಗೆ ಜನರ ಕಣ್ಣನ್ನು ಸೆಳೆದುದು ಬ್ಯಾಕ್‌ಬೇ ಕಡಲನ್ನು ತುಂಬಿ ನೆಲವನ್ನು ಮಾಡುವ ಕಂಪೆನಿ. ಪಟ್ಟಣದ ಪಶ್ಚಿಮದ ಕೊಲ್ಲಿಯ ತೀರದಲ್ಲಿ ನೀರನ್ನು ಹಿಂದಕ್ಕೆ ತಳ್ಳಿ, ದೊರೆತ ನೆಲದಲ್ಲಿ ರೈಲುದಾರಿಗೆ ಸ್ಥಳ ಕೊಟ್ಟು, ಉಳಿದುದನ್ನು ಮಾರುವುದು ಅದರ ಸಂಕಲ್ಪ. ಐದು ಸಾವಿರ ರೂಪಾಯಿ ಕಟ್ಟಿದ ಒಂದು ಷೇರು, ಕೆಲಸವು ಮುಂದುವರಿಯುವ ಮುನ್ನವೇ ಅದರ ಹಲವು ಪಟ್ಟು ಬೆಲೆಗೆ ಕೈಯಿಂದ ಕೈಗೆ ಹೋಯಿತು. ಕೊಂಡವನು ಕೊಂಡುದು ಇನ್ನೂ ಕಡಲೊಳಗೆ ಇರುವ ನೆಲವನ್ನು. ಮುಂಬಯಿ ಸರಕಾರವು ತಾನೇ ಈ ಕಂಪೆನಿಯ ನಾನೂರು ಷೇರುಗಳನ್ನು ತೆಗೆದುಕೊಳ್ಳಲು ಯೋಚಿಸಿತ್ತು. ಮೇಲಿನವರ ಒಪ್ಪಿಗೆ ದೊರೆಯದೆ ಅದು ನಿಂತುಹೋಯಿತು. ಆದರೆ ಸರಕಾರವು ಬಯಸಿತ್ತೆಂಬ ಸುದ್ದಿಯೊಂದೇ ಜನರಿಗೆ ಸಾಕಾಯಿತು.

ಈ ಕಾಲದ ಕಥೆಯಲ್ಲಿ ಮುಖ್ಯ ಪುರುಷನು ಪ್ರೇಮಚಂದ ರಾಯಚಂದ. ಸೂರತಿನಲ್ಲಿ ೧೮೩೧ರಲ್ಲಿ ಹುಟ್ಟಿ ಮುಂಬಯಿಯಲ್ಲಿ ದಲ್ಲಾಳಿಯಾಗಿ ಬೆಳೆದ ಈತನು ಹೊಸ ಕಂಪೆನಿಗಳಲ್ಲಿ ಯಾರಿಗೆ ಎಷ್ಟು ಷೇರು ಎಂಬುದನ್ನು ನಿರ್ಣಯಿಸುವ ಸ್ಥಿತಿಗೆ ಏರಿದನು. ಲಿವರ್‌ಪೂಲಿನ ಬೆಲೆಗಳನ್ನು ಇತರರಿಗಿಂತ ಮೊದಲೇ ತಿಳಿಯಲು, ಬರುವ ಹಡಗುಗಳನ್ನು ಕಡಲಿನಲ್ಲಿಯೇ ಎದುರುಗೊಳ್ಳುವಂತೆ ದೋಣಿಗಳನ್ನು ಕಳುಹಿಸುತ್ತಿದ್ದನೆಂಬ ವಾರ್ತೆಯಿದೆ. ಆತನು ಕೊಂಡನೆಂದರೆ ಪಟ್ಟಣವು ಕೊಂಡಿತು. ಆತನ ಚೀಟಿಯಿದ್ದರೆ ಬ್ಯಾಂಕು ಹಣ ಕೊಟ್ಟಿತು.

ಬ್ಯಾಂಕು ಎಂದರೆ ಮುಖ್ಯವಾಗಿ ೧೮೪೦ರಲ್ಲಿ ಸ್ಥಾಪಿತವಾದ ಬ್ಯಾಂಕ್ ಆಫ್ ಬಾಂಬೆ. ಸರಕಾರವು ಅದರ ಪಾಲುದಾರನಾಗಿದ್ದು ಅದರ ಆಡಳಿತ ಮಂಡಲಿಗೆ ತನ್ನ ಕಡೆಯವರನ್ನೂ ನೇಮಿಸುತ್ತಿದ್ದಿತು. ಷೇರುಗಳನ್ನು ಒತ್ತೆಯಿಟ್ಟುಕೊಂಡು ಸಾಲ ಕೊಡಕೂಡದೆಂಬ ಹಳೆಯ ಕಟ್ಟನ್ನು ೧೮೬೩ರ ಹತ್ತನೆಯ ಕಾಯಿದೆಯು ಸಡಿಲಿಸಿತು. ಇದರ ಫಲವನ್ನು ವಾಚಕರು ಊಹಿಸಬಹುದು. ಷೇರನ್ನು ಒತ್ತೆಯಿಟ್ಟು ಸಾಲ ತಂದವನು ಆ ಸಾಲದಿಂದ ಮತ್ತೊಂದು ಷೇರನ್ನು ಕೊಂಡನು. ಕೊಳ್ಳುವವರು ಹೆಚ್ಚಿದುದರಿಂದ ಬೆಲೆ ಏರಿತು. ಬೆಲೆ ಏರಿದುದರಿಂದ ಅದೇ ಒತ್ತೆಯ ಮೇಲೆ ಇನ್ನೂ ಹೆಚ್ಚು ಸಾಲ ಹುಟ್ಟಿತು. ಬೀಜಾಂಕುರನ್ಯಾಯದಂತೆ ಬೆಲೆಗೆ ಸಾಲವೂ ಸಾಲಕ್ಕೆ ಬೆಲೆಯೂ ಪರಸ್ಪರ ಕಾರಣವಾದುವು. ನಡುವೆ ನಿಜವಾದ ವಸ್ತುವನ್ನು ಅಳೆಯುವವರೇ ಇಲ್ಲವಾದರು.

ಇದರ ಮೇಲೆ ವಾಯಿದೆ ವ್ಯಾಪಾರವು ಬೆಳೆಯಿತು. ಇಂದು ಬೆಲೆ ಗೊತ್ತುಮಾಡಿ, ಮುಂದಿನ ಒಂದು ದಿನ ಷೇರನ್ನೂ ಹಣವನ್ನೂ ಕೊಟ್ಟು ತೆಗೆದುಕೊಳ್ಳುವ ಕರಾರುಗಳಲ್ಲಿ ಅನೇಕವು ೧೮೬೫ರ ಜುಲೈ ೧ಕ್ಕೆ ತೀರಬೇಕಾಗಿದ್ದುವು. ಕೈಯಲ್ಲಿ ಹಣವಿಲ್ಲದವರೂ ಮಾತಿನ ಬಲದಿಂದ ಕೊಂಡರು. ಆ ದಿನದೊಳಗೆ ಇನ್ನೊಬ್ಬನಿಗೆ ಮಾರಿಬಿಡುವೆವೆಂಬುದು ಎಲ್ಲರ ನಂಬಿಕೆ.

೪

ಹತ್ತಿಯ ಬೆಲೆ ಇಳಿಯತೊಡಗಿದ್ದ ಕಾಲದಲ್ಲಿಯೇ, ೧೮೬೫ರ ಏಪ್ರಿಲ್ ೯ರಂದು ದಕ್ಷಿಣದ ಸೇನಾಪತಿ ಲೀ ಶರಣಾಗತನಾದನು. ಆ ವಾರ್ತೆ ಮುಂಬಯಿಯನ್ನು ಮುಟ್ಟಿದಾಗ ಹತ್ತಿಯ ಬೆಲೆ ಕುಸಿಯಿತು. ದೊಡ್ಡ ವರ್ತಕರ ಮನೆಗಳು ಒಂದರ ಹಿಂದೆ ಒಂದು ಮುರಿಯಲಾರಂಭಿಸಿದುವು. ಜುಲೈ ೧ ಬಂದಾಗ ಕೊಡತಕ್ಕವನಲ್ಲಿ ಹಣವಿರಲಿಲ್ಲ. ಅವನಿಗೆ ಕೊಡತಕ್ಕವನಲ್ಲಿಯೂ ಇರಲಿಲ್ಲ. ಒಬ್ಬನು ಬಿದ್ದರೆ ಅವನನ್ನು ನಂಬಿದ ಹತ್ತು ಜನರು ಬೀಳುವಂತೆ ಕರಾರುಗಳು ಹೆಣೆದುಕೊಂಡಿದ್ದುವು. ದಿವಾಳಿಗಳನ್ನು ತೀರ್ಮಾನಿಸುವುದಕ್ಕೆ ಸರಕಾರವು ವಿಶೇಷ ಕಾಯಿದೆಯನ್ನು ತರಬೇಕಾಯಿತು. ಬ್ಯಾಂಕ್ ಆಫ್ ಬಾಂಬೆಯ ೨,೮೫೦ ರೂಪಾಯಿಗೆ ಏರಿದ್ದ ಷೇರು ಕಡೆಗೆ ೮೭ ರೂಪಾಯಿಗೆ ಇಳಿಯಿತೆಂದು ಷೇರುಪೇಟೆಯ ಚರಿತ್ರೆಯಲ್ಲಿ ಹೇಳಿದೆ. ಪ್ರೇಮಚಂದನು ೧೮೬೬ರಲ್ಲಿ ದಿವಾಳಿಯಾದನು. ಆ ಬ್ಯಾಂಕೂ ಉಳಿಯಲಿಲ್ಲ. ೧೮೬೮ರಲ್ಲಿ ಅದೇ ಹೆಸರಿನ ಬೇರೊಂದು ಬ್ಯಾಂಕನ್ನು ಹೊಸದಾಗಿ ಸ್ಥಾಪಿಸಿದರು. ಆಗ ಕಾಲೇಜಿನ ವಿದ್ಯಾರ್ಥಿಯಾಗಿದ್ದು ಇವುಗಳನ್ನು ಕಣ್ಣಾರೆ ಕಂಡ ದಿನ್ಷಾ ವಾಚಾ ಅವರು ೧೯೧೦ರಲ್ಲಿ ಈ ಪ್ರಕರಣವನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು.

ಸಾಮಾನ್ಯವಾಗಿ ಈ ಕಥೆಯನ್ನು ಹೇಳುವವರು ಇಲ್ಲಿಗೆ ನಿಲ್ಲಿಸಿ, ಲೋಭದ ಫಲವಿದು ಎಂದು ನೀತಿಯನ್ನು ಹೇಳಿ ಮುಗಿಸುವರು. ಲೋಭವಿದ್ದಿತೆಂಬುದು ನಿಜ. ಆದರೆ ಲೋಭವು ಎಲ್ಲ ಕಾಲದಲ್ಲಿಯೂ ಇರುವುದು; ಉನ್ಮಾದವಾದರೋ ಕಾದಾಚಿತ್ಕ. ಸದಾ ಇರುವುದನ್ನು ಒಮ್ಮೆ ಮಾತ್ರ ಆಗುವ ಕಾರ್ಯಕ್ಕೆ ಅಸಾಧಾರಣ ಕಾರಣವೆಂದು ಹೇಳುವುದು ತರ್ಕಸಮ್ಮತವಲ್ಲ. ಅಲ್ಲದೆ ಧಾರವಾಡದ ರೈತನಿಗೂ ಲಾಭದ ಆಸೆಯಿದ್ದಿತು. ಅವನೂ ನೆರೆಯವನನ್ನು ನೋಡಿಯೇ ನಡೆದನು. ಅವನ ನಡೆಗೂ ಮುಂಬಯಿಯವನ ನಡೆಗೂ ಇರುವ ಅಂತರಕ್ಕೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

೫

ತರ್ಕಸಂಗ್ರಹವನ್ನು ಓದಿದವರಿಗೆ ಸೋಪಾಧಿಕ ಹೇತುವು ಪರಿಚಿತವಾದುದು. ಹೊಗೆಯಿದ್ದಲ್ಲಿ ಬೆಂಕಿಯಿರುವುದು ನಿಯತ. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆ ಇರುವುದಿಲ್ಲ. ಹಸಿಯ ಸೌದೆಯ ಸಂಬಂಧವಿದ್ದರೆ ಮಾತ್ರ ಬೆಂಕಿಯಿಂದ ಹೊಗೆ ಏಳುವುದು. ಆ ಹಸಿಯ ಸೌದೆಯೇ ಅಲ್ಲಿ ಉಪಾಧಿ. ಅದನ್ನು ಮರೆತು ಬೆಂಕಿಯಿಂದ ಹೊಗೆಯನ್ನು ಅನುಮಾನಿಸಿದವನ ಹೇತುವು ದುಷ್ಟವಾಗುವುದು.

ಈಗ ಪೇಟೆಯವನ ಅನುಮಾನವನ್ನು ನೋಡಿ: ಈ ಷೇರು ಲಾಭಕರವಾದುದು, ಬಹುಜನರು ಕೊಳ್ಳುವುದರಿಂದ. ಇದು ಮೂಢನ ಮಾತಲ್ಲ. ಅನೇಕರು ಬೇರೆ ಬೇರೆಯಾಗಿ ಪರೀಕ್ಷಿಸಿ ಒಂದೇ ನಿರ್ಣಯಕ್ಕೆ ಬಂದಿದ್ದರೆ ಅವರನ್ನು ನಂಬುವುದು ವಿವೇಕವೇ ಆಗಿದೆ. ಆದರೆ ಇಲ್ಲಿ ಪ್ರತಿಯೊಬ್ಬನ ಸ್ವತಂತ್ರ ಪರೀಕ್ಷೆಯೇ ಉಪಾಧಿ. ಅದಿದ್ದರೆ ಬಹುಜನರ ಕ್ರಿಯೆಯು ಹೇತುವಾಗುವುದು. ಇಲ್ಲದಿದ್ದರೆ ಅದು ಹೇತ್ವಾಭಾಸ. ಧಾರವಾಡದ ರೈತನು ನೆರೆಯವನನ್ನು ನೋಡಿದನಾದರೂ ತನ್ನ ಮಣ್ಣಿನಲ್ಲಿ ತಾನು ಬಿತ್ತಿ ನೋಡಿದನು. ಮೂರನೆಯವನಿಗೆ ದೊರೆತುದು ಎರಡು ಹೊಲಗಳ ಸಾಕ್ಷ್ಯ. ನಾಲ್ಕನೆಯವನಿಗೆ ಮೂರು ಹೊಲಗಳ ಸಾಕ್ಷ್ಯ. ಪ್ರತಿಯೊಬ್ಬನೂ ತನ್ನ ಅನುಭವವನ್ನು ಕೂಡಿಸುತ್ತ ಹೋದನು. ಬ್ಯಾಕ್‌ಬೇಯ ಷೇರನ್ನು ಕೊಂಡವನಿಗೆ ಬಿತ್ತಿ ನೋಡಲು ಹೊಲವಿರಲಿಲ್ಲ, ನೆಲವು ನೀರಿನೊಳಗಿದ್ದಿತು. ಅವನು ಕೂಡಿಸಿದುದು ತನ್ನ ಹಣವನ್ನು ಮಾತ್ರ, ಜ್ಞಾನವನ್ನಲ್ಲ. ಆದುದರಿಂದ ಸಾವಿರ ಜನರು ಕೊಂಡ ಮೇಲೆಯೂ ಸಾಕ್ಷಿಗಳ ಸಂಖ್ಯೆ ಮೊದಲಿನ ಇಬ್ಬರು ಮೂವರಿಗಿಂತ ಹೆಚ್ಚಲಿಲ್ಲ. ಗಂಗೆಯ ದಡದಲ್ಲಿ ಗುಡ್ಡೆಗಳು ನೂರಾದರೂ ಪಾತ್ರೆ ಒಂದೇ.

ನಮ್ಮ ವ್ಯವಹಾರಶಾಸ್ತ್ರವು ಇದನ್ನು ಚೆನ್ನಾಗಿ ಅರಿತಿದ್ದಿತು. ಸಾಕ್ಷಿಗಳ ಮಾತು ಎರಡು ಬಗೆಯಾದರೆ ಬಹುಜನರ ಮಾತನ್ನು ಹಿಡಿಯಬೇಕೆಂದೂ, ಎರಡು ಕಡೆಯ ಸಂಖ್ಯೆ ಸಮವಾದರೆ ಗುಣವಂತರ ಮಾತನ್ನು ಹಿಡಿಯಬೇಕೆಂದೂ ಯಾಜ್ಞವಲ್ಕ್ಯಸ್ಮೃತಿಯ ವಿಧಾನ. ಈ ಸ್ಮೃತಿಗೆ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಚಾಲುಕ್ಯ ವಿಕ್ರಮಾದಿತ್ಯನ (೧೦೭೬–೧೧೨೬) ಕಲ್ಯಾಣದಲ್ಲಿದ್ದವನೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಸಂಖ್ಯೆಗೆ ಇಷ್ಟು ಗೌರವವನ್ನು ಕೊಟ್ಟ ಶಾಸ್ತ್ರವೇ, ಸಾಕ್ಷಿಯೆಂದರೆ ತಾನೇ ಕಂಡವನು ಅಥವಾ ತಾನೇ ಕೇಳಿದವನು ಎಂಬ ನಿಯಮವನ್ನೂ ಇಟ್ಟಿದೆ. ಸಾಕ್ಷಿಯ ಬಾಯಿಂದ ಕೇಳಿ ಹೇಳುವವನನ್ನು ಉತ್ತರಸಾಕ್ಷಿಯೆಂದು ಬೇರೆಯಾಗಿಯೇ ಹೆಸರಿಸಿದೆ. ಪೇಟೆಯಲ್ಲಿ ಈ ವಿವೇಚನೆಯಿಲ್ಲ. ಅಲ್ಲಿ ಕಂಡವನನ್ನೂ, ಕಂಡವನಿಂದ ಕೇಳಿದವನನ್ನೂ, ಕೇಳಿದವನನ್ನು ನೋಡಿ ನಡೆದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ತಲೆಯೆಣಿಸುವರು.

ಇತ್ತೀಚಿನ ಅರ್ಥಶಾಸ್ತ್ರಜ್ಞರು ಬೇರೆ ದಾರಿಯಿಂದ ಇದೇ ಸ್ಥಳಕ್ಕೆ ಬಂದಿದ್ದಾರೆ. ಮುಂಬಯಿಯಲ್ಲಿಯೇ ಜನಿಸಿ ೨೦೧೯ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರಲ್ಲಿ ಒಬ್ಬರಾದ ಅಭಿಜಿತ್ ಬ್ಯಾನರ್ಜಿಯವರು ೧೯೯೨ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದೇ ವರ್ಷ ಬಿಖ್‌ಚಂದಾನಿ, ಹಿರ್ಷ್‌ಲೈಫರ್, ವೆಲ್ಚ್ ಎಂಬ ಮೂವರು ಕೂಡಿ ಅದೇ ವಿಷಯವನ್ನು ಕುರಿತು ಬರೆದರು. ಅವರ ವಾದದ ಸಾರವಿದು. ಎರಡು ಊಟದ ಮನೆಗಳು ಪಕ್ಕಪಕ್ಕದಲ್ಲಿವೆ. ಯಾವುದು ಮೇಲೆಂಬ ವಿಷಯದಲ್ಲಿ ಪ್ರತಿಯೊಬ್ಬನಿಗೂ ಸ್ವಲ್ಪ ಸ್ವಲ್ಪ ತಿಳಿವಳಿಕೆಯಿದೆ. ಮೊದಲಿನ ಒಬ್ಬಿಬ್ಬರು ಒಂದು ಮನೆಗೆ ಹೊಕ್ಕರೆ, ಅನಂತರ ಬಂದವನು ತನ್ನ ತಿಳಿವಳಿಕೆ ಬೇರೆಯಾಗಿದ್ದರೂ ಅದನ್ನು ಬದಿಗಿಟ್ಟು ಅವರ ಹಿಂದೆ ಹೋಗುವನು. ಹಾಗೆ ಮಾಡುವುದು ಅವನೊಬ್ಬನ ದೃಷ್ಟಿಯಿಂದ ಯುಕ್ತವೇ. ಆದರೆ ಅವನು ತನ್ನ ತಿಳಿವಳಿಕೆಯನ್ನು ಬದಿಗಿಟ್ಟ ಕ್ಷಣದಿಂದ ಅವನ ನಡೆಯು ಹಿಂದೆ ಬರುವವರಿಗೆ ಏನನ್ನೂ ತಿಳಿಸುವುದಿಲ್ಲ. ಹೀಗೆ ಪ್ರತಿಯೊಬ್ಬನೂ ವಿವೇಕದಿಂದ ನಡೆದು, ಒಟ್ಟಿನಲ್ಲಿ ಎಲ್ಲರೂ ಕೆಟ್ಟ ಮನೆಯಲ್ಲಿ ಊಟಕ್ಕೆ ಕೂರುವುದು ಸಂಭವನೀಯ. ಇದು ಗತಾನುಗತಿಕನ್ಯಾಯದ ಗಣಿತರೂಪವಾದ ವಿವರಣೆಯೆಂದು ಹೇಳಿದರೆ ಅತ್ಯುಕ್ತಿಯಾಗದು.

೬

ಉಳಿದ ಎರಡು ನ್ಯಾಯಗಳ ವಿಷಯ. ಅಂಧಪರಂಪರೆಯಲ್ಲಿ ಪ್ರಶ್ನೆಯಿರುವುದು ಮುಂದಿನವನನ್ನು ಕುರಿತು. ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆ ಹೇಳಬೇಕೆಂಬ ಇಚ್ಛೆಯುಳ್ಳವನೇ ಆಪ್ತನೆಂದು ನ್ಯಾಯಭಾಷ್ಯದಲ್ಲಿ ವಾತ್ಸ್ಯಾಯನನು ನಿರೂಪಿಸಿದ್ದಾನೆ. ಮುಂಬಯಿಯ ಜನರು ಯಾರನ್ನು ಆಪ್ತರೆಂದು ತಿಳಿದರು? ಸರಕಾರವು ಪಾಲುದಾರನಾಗಿದ್ದ ಬ್ಯಾಂಕನ್ನು. ಅದರ ಆಡಳಿತ ಮಂಡಲಿಯ ಗಣ್ಯರನ್ನು. ಎಲ್ಲರಿಗಿಂತ ಮೊದಲು ಸುದ್ದಿ ತಿಳಿಯುವನೆಂದು ಹೆಸರಾದ ದಲ್ಲಾಳಿಯನ್ನು. ಈ ಆಯ್ಕೆಯಲ್ಲಿ ತಪ್ಪೇನೂ ಕಾಣದು. ಗೃಹಸ್ಥನೊಬ್ಬನು ಬ್ಯಾಂಕನ್ನು ನಂಬದೆ ಮತ್ತಾರನ್ನು ನಂಬಬೇಕು? ಆದರೆ ಬ್ಯಾಂಕಿನ ಪತನವನ್ನು ಕುರಿತು ೧೮೬೮ರಲ್ಲಿ ವಿಚಾರಣೆ ಮಾಡಿದ ಮಂಡಲಿಯು ಕಂಡುದೇನೆಂದರೆ: ೧೮೬೩ರ ಕಾಯಿದೆಯು ಹಳೆಯ ಕಟ್ಟುಗಳನ್ನು ತೆಗೆದುಹಾಕಿದುದು, ಆ ಅಧಿಕಾರವನ್ನು ಕಾರ್ಯದರ್ಶಿಗಳು ದುರುಪಯೋಗ ಮಾಡಿದುದು, ಆಡಳಿತ ಮಂಡಲಿಯವರು ಉದಾಸೀನರಾಗಿದ್ದುದು. ಅಂದರೆ ಜನರು ಕಣ್ಣುಳ್ಳವನೆಂದು ಯಾರ ಕೈಯನ್ನು ಹಿಡಿದಿದ್ದರೋ ಅವನೂ ಪಟ್ಟಣದ ಕೈಯನ್ನೇ ಹಿಡಿದು ನಡೆಯುತ್ತಿದ್ದನು. ಪಟ್ಟಣವು ಬ್ಯಾಂಕನ್ನು ನೋಡಿ ಕೊಂಡಿತು. ಬ್ಯಾಂಕು ಪಟ್ಟಣದ ಬೆಲೆಯನ್ನು ನೋಡಿ ಸಾಲ ಕೊಟ್ಟಿತು. ಕುರುಡರ ಸಾಲು ಇಲ್ಲಿ ಸಾಲಾಗಿರಲಿಲ್ಲ, ಚಕ್ರವಾಗಿದ್ದಿತು.

ಗಡ್ಡರಿಕಾಪ್ರವಾಹವು ಇದಕ್ಕಿಂತ ಭಿನ್ನವಾದುದು. ಹಳ್ಳವನ್ನು ಕಂಡೂ ನಿಲ್ಲಲಾರದವರ ಗತಿಯನ್ನು ಅದು ಹೇಳುತ್ತದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ ೧೯೩೬ರ ತನ್ನ ಗ್ರಂಥದಲ್ಲಿ ಷೇರುಪೇಟೆಯನ್ನು ವೃತ್ತಪತ್ರಿಕೆಯ ಒಂದು ಪಂದ್ಯಕ್ಕೆ ಹೋಲಿಸಿದ್ದಾನೆ. ಅನೇಕ ಮುಖಗಳ ಚಿತ್ರಗಳಲ್ಲಿ ಚೆಲುವಾದುವನ್ನು ಆರಿಸಬೇಕು. ಆದರೆ ಬಹುಮಾನವು ಬಹುಜನರ ಆಯ್ಕೆಗೆ ಹೊಂದಿದವನಿಗೆ. ಆಗ ಆರಿಸುವವನು ತನಗೆ ಚೆಲುವಾಗಿ ಕಂಡುದನ್ನು ಬಿಟ್ಟು, ಇತರರು ಯಾವುದನ್ನು ಆರಿಸುವರೆಂದು ಊಹಿಸತೊಡಗುವನು. ಜುಲೈ ೧ಕ್ಕೆ ಮುಂಚೆ ಮಾರಿಬಿಡುವೆನೆಂದು ಕೊಂಡವನಿಗೆ ವಸ್ತುವಿನ ನಿಜವಾದ ಬೆಲೆ ಅಪ್ರಸ್ತುತ. ಇನ್ನು, ಎಲ್ಲರೊಡನೆ ಕೂಡಿ ಸೋತವನ ಮಾನವು ಉಳಿಯುವುದು, ಒಬ್ಬಂಟಿಯಾಗಿ ಬೇರೆ ದಾರಿ ಹಿಡಿದವನು ಗೆದ್ದರೂ ಸಂಶಯಕ್ಕೆ ಪಾತ್ರನಾಗುವನು ಎಂಬ ಅರ್ಥದ ಮಾತನ್ನೂ ಕೇನ್ಸ್ ಆಡಿದ್ದಾನೆ. ಸಾಲ ಕೊಡಲು ಒಲ್ಲೆನೆಂದ ಬ್ಯಾಂಕಿನವನು ಗಿರಾಕಿಯನ್ನು ಕಳೆದುಕೊಳ್ಳುವನು. ಷೇರನ್ನು ಬೇಡವೆಂದ ನೆಂಟನು ಅಹಂಕಾರಿಯೆನಿಸುವನು. ವಿದ್ಯೆಯು ಇಲ್ಲಿ ಪೂರ್ಣರಕ್ಷೆಯಲ್ಲ. ೧೭೨೦ರಲ್ಲಿ ಇಂಗ್ಲೆಂಡಿನ ಸೌತ್ ಸೀ ಕಂಪೆನಿಯ ಷೇರುಗಳು ಏರಿದಾಗ, ಸರ್ ಐಸಾಕ್ ನ್ಯೂಟನ್ ಮೊದಲು ಲಾಭಕ್ಕೆ ಮಾರಿ ಹೊರಗೆ ಬಂದವನು, ಬೆಲೆ ಇನ್ನೂ ಏರುವುದನ್ನು ನೋಡಲಾರದೆ ಮತ್ತೆ ಕೊಂಡು ನಷ್ಟಪಟ್ಟನು. ಗ್ರಹಗಳ ಗತಿಯನ್ನು ಗಣಿಸಿದವನಿಗೂ ಮಂದೆಯ ಒತ್ತನ್ನು ತಡೆಯುವುದು ದುಸ್ಸಾಧ್ಯವಾಯಿತು.

ಪ್ರಕೃತ ಲೇಖಕನು ತನ್ನದೊಂದು ತಪ್ಪನ್ನು ಇಲ್ಲಿ ಮುಚ್ಚಿಡುವುದು ಸಲ್ಲದು. ೧೯೯೦ರ ದಶಕದಲ್ಲಿ, ತೇಗದ ಸಸಿಗಳನ್ನು ನೆಟ್ಟು ಇಪ್ಪತ್ತು ವರ್ಷಗಳಲ್ಲಿ ಹಣವನ್ನು ಹಲವು ಪಟ್ಟು ಮಾಡಿಕೊಡುವೆವೆಂದು ಹೇಳುವ ಕಂಪೆನಿಗಳು ನಮ್ಮ ದೇಶದಲ್ಲಿ ಅನೇಕ ಹುಟ್ಟಿದ್ದುವು. ಆಗ ನಾನು ಒಂದು ಪಾಠಶಾಲೆಯಲ್ಲಿ ಹೊಸದಾಗಿ ಅಧ್ಯಾಪಕನಾಗಿದ್ದೆನು. ಸಹೋದ್ಯೋಗಿಗಳು ಒಂಬತ್ತು ಮಂದಿ ಅಂಥ ಒಂದು ಕಂಪೆನಿಯಲ್ಲಿ ಹಣ ತೊಡಗಿಸಿದ್ದರು. ಒಂಬತ್ತು ಮಂದಿ ಪಂಡಿತರು ತಪ್ಪಲಾರರೆಂದು ನಾನೂ ಎರಡು ವರ್ಷದ ಉಳಿತಾಯವನ್ನು ಕೊಟ್ಟೆನು. ಹಣವು ಮುಳುಗಿದ ಮೇಲೆ ಎಲ್ಲರೂ ಕುಳಿತು, ಯಾರು ಯಾರನ್ನು ನೋಡಿ ಕೊಟ್ಟರೆಂದು ವಿಚಾರಿಸಿದೆವು. ಒಬ್ಬೊಬ್ಬರಾಗಿ ಹಿಂದಕ್ಕೆ ಹೋ���ುತ್ತ, ಕಡೆಗೆ ಎಲ್ಲ ದಾರಿಗಳೂ ಹಿರಿಯರಾದ ಒಬ್ಬ ಅಧ್ಯಾಪಕರಲ್ಲಿ ಕೂಡಿದುವು. ಅವರು ನೋಡಿದ್ದುದು ಒಂದು ಜಾಹೀರಾತನ್ನು. ಒಬ್ಬರೂ ತೋಟವನ್ನು ಕಂಡಿರಲಿಲ್ಲ. ಆ ವರ್ಷವೂ ನಾನು ತರ್ಕಸಂಗ್ರಹದ ಉಪಾಧಿಪ್ರಕರಣವನ್ನು ಪಾಠ ಹೇಳಿದ್ದೆನು. ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂಬ ಗಾದೆಯನ್ನು ವಿದ್ಯಾರ್ಥಿಗಳಿಗೆ ಹೇಳಿ ನಗಿಸಿದ್ದೆನು. ಕರುವನ್ನು ಕಟ್ಟಲು ಹಗ್ಗ ಹಿಡಿದು ನಿಂತವನು ನಾನೇ ಎಂದು ಆಗ ತೋರಲಿಲ್ಲ.

ಈ ವಿಚಾರದಿಂದ ಫಲಿಸುವುದೇನೆಂದರೆ, ಜನಸಮೂಹವನ್ನು ಕುರಿಮಂದೆಯೆಂದು ಜರೆಯುವುದು ಸುಲಭ, ಆದರೆ ಅದು ನ್ಯಾಯವಲ್ಲ. ಗತಾನುಗತಿಕನಾದವನ ತಪ್ಪು ಲಘುವಾದುದು. ತಾನೇ ಪರೀಕ್ಷಿಸಲಾಗದ ವಿಷಯದಲ್ಲಿ ಇತರರ ನಡೆಯಿಂದ ಊಹಿಸುವುದು ಲೋಕಯಾತ್ರೆಗೆ ಅನಿವಾರ್ಯ. ಅವನು ಕಲಿಯಬೇಕಾದುದು ಒಂದೇ: ಎಷ್ಟು ಮಂದಿ ಎಂದು ಕೇಳುವುದಕ್ಕೆ ಮೊದಲು, ಇವರಲ್ಲಿ ಕಂಡವರು ಎಷ್ಟು ಮಂದಿ ಎಂದು ಕೇಳುವುದು. ಮಂದೆಯ ಒತ್ತಿಗೆ ಸಿಕ್ಕಿದವನು ಕನಿಕರಕ್ಕೂ ಪಾತ್ರನು. ಗುರುತರವಾದ ಹೊಣೆಯಿರುವುದು ಆಪ್ತಸ್ಥಾನದಲ್ಲಿ ಕುಳಿತು, ಆಪ್ತನ ಕಾರ್ಯವಾದ ಪರೀಕ್ಷೆಯನ್ನು ಮಾಡದೆ ಹೋದವನ ಮೇಲೆ. ೧೮೬೫ರ ಮುಂಬಯಿಯಲ್ಲಿ ಆ ಸ್ಥಾನದಲ್ಲಿದ್ದವರು ಕಾಯಿದೆಯನ್ನು ಸಡಿಲಿಸಿದ ಸರಕಾರ, ಒತ್ತೆಯನ್ನು ಅಳೆಯದೆ ಸಾಲ ಕೊಟ್ಟ ಬ್ಯಾಂಕು. ಪ್ರೇಮಚಂದನೊಬ್ಬನನ್ನೇ ದೂರುವುದು ಸರಿಯಲ್ಲ. ತನ್ನ ಏಳಿಗೆಯ ಕಾಲದಲ್ಲಿ ಅವನು ಮುಂಬಯಿಯ ವಿಶ್ವವಿದ್ಯಾಲಯಕ್ಕೆ ಕೊಟ್ಟ ದಾನದಿಂದ ಕಟ್ಟಿದ, ಅವನ ತಾಯಿ ರಾಜಾಬಾಯಿಯ ಹೆಸರಿನ ಗಡಿಯಾರದ ಗೋಪುರವು ೧೮೭೮ರಲ್ಲಿ ಮುಗಿದು ಇಂದಿಗೂ ನಿಂತಿದೆ. ಬಿದ್ದವನೂ ಎದ್ದು ಬಾಳಿ ೧೯೦೬ರ ವರೆಗೆ ಬದುಕಿದನು. ಆದರೆ ಅವನನ್ನೂ ಬ್ಯಾಂಕನ್ನೂ ನಂಬಿ ಬಿದ್ದ ಹೆಸರಿಲ್ಲದ ಗೃಹಸ್ಥರ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲ. ಅವರನ್ನು ಕುರಿಗಳೆಂದು ಮಾತ್ರ ಬರೆದಿದ್ದಾರೆ.

ಲೌಕಿಕನ್ಯಾಯಗಳನ್ನು ಪಾಠ ಹೇಳುವ ಅಧ್ಯಾಪಕರು ಇನ್ನು ಮುಂದೆ ಈ ಮೂರನ್ನು ಪರ್ಯಾಯಪದಗಳಂತೆ ಹೇಳದೆ, ಮರಳಿನ ಗುಡ್ಡೆ, ಕುರುಡರ ಸಾಲು, ಕುರಿಯ ಮಂದೆ ಎಂಬ ದೃಷ್ಟಾಂತಗಳ ಭೇದವನ್ನು ವಿವರಿಸಿ ಹೇಳಬೇಕೆಂದು ಪ್ರಾರ್ಥಿಸುತ್ತೇನೆ. ನನ್ನ ವಿಭಾಗಕ್ರಮದಲ್ಲಿ ಅತಿವ್ಯಾಪ್ತಿ ಅವ್ಯಾಪ್ತಿಗಳೇನಾದರೂ ಇದ್ದರೆ ವಿದ್ವಾಂಸರು ತಿಳಿಸಿ ಅನುಗ್ರಹಿಸಬೇಕು. ಆದರೆ ಹಾಗೆ ತಿಳಿಸುವವರು, ಪೂರ್ವಿಕರು ಹೇಳಿಲ್ಲ ಎಂಬುದೊಂದನ್ನೇ ಹೇತುವಾಗಿ ಹಿಡಿಯದೆ ಗ್ರಂಥಗಳನ್ನು ತಾವೇ ತೆರೆದು ನೋಡಿ ಬರೆಯಬೇಕಾಗಿ ವಿನಂತಿ.